ಪ್ರತಿಕ್ರಿಯೆ: ಜೋಳದ ರೊಟ್ಟಿ ನಮ್ಮದೇನಾ?

"ಸಿಂಧನೂರು ಕಡೆ ಈಗ ಮೂರು ಹೊತ್ತೂ ಅನ್ನ. ಹಾಗಾದರೆ ರೊಟ್ಟಿ ನಮ್ಮ ಗುರುತು ಅನ್ನೋದು ಸುಮ್ನೆ ಮಾತಾ?" ಅಂತ ಕೇಳಿದ್ದೀರಿ. ಸುಮ್ನೆ ಮಾತಲ್ಲ ಸರ್. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಸೀಮೆಯ ಬೆಳೆಗಳಲ್ಲಿ ಭತ್ತದ ಜೊತೆ ಜೋಳವನ್ನೂ ಬರೆದಿದ್ದಾನೆ.

ಅನ್ನ ಇಷ್ಟು ಜಾಸ್ತಿ ಆಗಿದ್ದು ಕಾಲುವೆಯಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು. ಆಮೇಲೆ ಎಡದಂಡೆ ಕಾಲುವೆ ಹರಿದ ಕಡೆಯೆಲ್ಲ, ಗಂಗಾವತಿಯಿಂದ ಸಿಂಧನೂರು, ಮಾನ್ವಿವರೆಗೂ ಜೋಳದ ಹೊಲ ಗದ್ದೆಯಾಯಿತು. ಭತ್ತದ ಕೆಲಸ ಬಲ್ಲ ಆಂಧ್ರದ ರೈತರು ಬಂದು ನೆಲೆಸಿದರು. ಊರ ಹೆಸರಿನ ಕೊನೆಗೆ 'ಕ್ಯಾಂಪ್' ಅಂತ ಇರೋದು ನೋಡಿದ್ದೀರಲ್ವಾ? ಅದೇ. ನಮ್ಮ ಮನೆಯಲ್ಲಿ ಅಜ್ಜಿ ಕಾಲಕ್ಕೆ ಅನ್ನ ಅಂದರೆ ಹಬ್ಬದ ಊಟ.

ಆದರೆ 'ಶುದ್ಧ ನಮ್ಮದು' ಅಂತ ಹಟ ಹಿಡಿಯಬೇಡಿ. ಜೋಳದ ತವರು ಆಫ್ರಿಕಾ, ಸುಡಾನ್ ಕಡೆ. ನಮ್ಮ ನೆಲಕ್ಕೆ ಬಂದು ಸಾವಿರಾರು ವರ್ಷ ಆಗಿದೆ. ರೊಟ್ಟಿ ಜೊತೆಗಿನ ಶೇಂಗಾ ಚಟ್ನಿ ನೋಡಿ: ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯೂ ಅಮೆರಿಕದ್ದೇ. ಪೋರ್ಚುಗೀಸರು ಬರೋ ತನಕ ಇಲ್ಲಿ ಖಾರ ಅಂದರೆ ಕರಿಮೆಣಸು, ಶುಂಠಿ. ಅಂದರೆ ಮಿರ್ಚಿ ಬಜ್ಜಿಗೂ ಐನೂರು ವರ್ಷಕ್ಕಿಂತ ಹಳೆಯ ಚರಿತ್ರೆ ಇಲ್ಲ. ಇದರಿಂದ ನನಗೇನೂ ಬೇಜಾರಿಲ್ಲ. ದೂರದಿಂದ ಬಂದ ಕಾಳನ್ನು ಬಿಸಿನೀರಲ್ಲಿ ನಾದಿ, ಕೈಯಲ್ಲೇ ತಟ್ಟಿ ಎಲೆಯಷ್ಟು ತೆಳ್ಳಗೆ ಮಾಡಿದವರು ನಮ್ಮ ಹೆಣ್ಣುಮಕ್ಕಳು. ಆ ಕಸುಬು ಪೂರ್ತಿ ನಮ್ಮದು.

ಮನೆಯಲ್ಲಿ ಹಿರಿಯರಿದ್ದರೆ ಕಾಲುವೆಗೆ ಮುಂಚೆ ಏನು ಉಣ್ಣುತ್ತಿದ್ದರು ಅಂತ ಕೇಳಿ, ಇಲ್ಲಿ ಬರೆಯಿರಿ.