ನಮ್ಮ ಊರಿನ ಬಳಿ ಚಿನ್ನದ ಗಣಿ ಬರಲಿದೆ, ಸುರಕ್ಷತಾ ಕ್ರಮಗಳೆಲ್ಲ ಇವೆ ಎನ್ನುತ್ತಾರೆ. ಸಾರ್ವಜನಿಕ ಸಭೆಯಲ್ಲಿ ಏನು ಕೇಳಬೇಕು?

ನಾನೂ ಯಾದಗಿರಿ ಜಿಲ್ಲೆಯ ಸುರಪುರದ ಕಡೆಯವನು. ಸಭೆಯಲ್ಲಿ ಎಲ್ಲರೂ ಅದಿರಿನಿಂದ ಚಿನ್ನ ಬೇರ್ಪಡಿಸಲು ಬಳಸುವ ಸೈನೈಡ್ ಬಗ್ಗೆಯೇ ಕೇಳುತ್ತಾರೆ. ನೀವು ಆರ್ಸೆನಿಕ್ ಬಗ್ಗೆ ಕೇಳಿ.

ಸೈನೈಡ್ ಭಯ ಸುಳ್ಳಲ್ಲ. 2000ದ ಜನವರಿಯಲ್ಲಿ ರುಮೇನಿಯಾದ ಬಾಯಾ ಮಾರೆಯಲ್ಲಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 1 ಲಕ್ಷ ಘನ ಮೀಟರ್ ವಿಷದ ನೀರು ಹೊಳೆ ಸೇರಿತು, ಟಿಸಾ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಆದರೂ ಸೈನೈಡ್ ಬಿಸಿಲಿಗೆ ಒಡೆಯುತ್ತದೆ, ಕಾರ್ಖಾನೆಯೊಳಗೇ ಅದನ್ನು ನಿರ್ವಿಷಗೊಳಿಸುವ ವಿಧಾನಗಳಿವೆ. ಆರ್ಸೆನಿಕ್ ಮೂಲಧಾತು, ಎಷ್ಟು ವರ್ಷವಾದರೂ ಅಳಿಯುವುದಿಲ್ಲ. ನಮ್ಮ ಭಾಗದ ಚಿನ್ನದ ಕಲ್ಲಿನಲ್ಲೇ ಅದು ಬೆರೆತಿದೆ. ನಮ್ಮ ತಾಲ್ಲೂಕಿನ ಮಂಗಳೂರು ಎಂಬ ಹಳ್ಳಿಯಲ್ಲಿ (ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಯಿತ್ತು. ಅದರ ಆಸುಪಾಸಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರು ಕುಡಿದವರ ಪಾಡು ಈ ಕಡೆಯವರಿಗೆ ಹೊಸದಲ್ಲ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಾಯಿಸಿದರೂ ವಿಷ ಹೋಗುವುದಿಲ್ಲ. ಅಂಗೈ, ಅಂಗಾಲಿನ ಚರ್ಮ ಗಂಟುಗಂಟಾಗಿ ಗಡುಸಾದಾಗಲೇ ಗೊತ್ತಾಗುವುದು.

ಆದ್ದರಿಂದ ಗಣಿಗೆ ಗುದ್ದಲಿ ಬೀಳುವ ಮೊದಲೇ ಸುತ್ತಲಿನ ಪ್ರತಿ ಕೊಳವೆಬಾವಿಯ ನೀರು ಪರೀಕ್ಷೆಯಾಗಲಿ: ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ. ಸರ್ವೆ ನಂಬರ್, ದಿನಾಂಕ, ಆರ್ಸೆನಿಕ್ ಪ್ರಮಾಣ ನಮೂದಾದ ವರದಿ ಗ್ರಾಮ ಪಂಚಾಯಿತಿಯಲ್ಲಿರಬೇಕು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಈ ದಾಖಲೆ ಇಲ್ಲದಿದ್ದರೆ ನಾಳೆ ‘ಇದು ಮೊದಲಿನಿಂದಲೂ ಇತ್ತು’ ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ನೆಲದಲ್ಲಿ ಆ ಮಾತು ಅರ್ಧ ನಿಜವೂ ಹೌದು, ಅದಕ್ಕೇ ನನಗೆ ಹೆಚ್ಚು ಆತಂಕ.

ಎರಡನೆಯದು ತ್ಯಾಜ್ಯ. ಒಂದು ಟನ್ ಅದಿರಿನಲ್ಲಿ ಚಿನ್ನ ಕೆಲವೇ ಗ್ರಾಂ, ಉಳಿದದ್ದೆಲ್ಲ ನುಣ್ಣಗೆ ಅರೆದ ಪುಡಿಯಾಗಿ ಇಲ್ಲೇ ಉಳಿಯುತ್ತದೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಂಥ ಪುಡಿಯ ‘ಸೈನೈಡ್ ಗುಡ್ಡಗಳು’ ಇನ್ನೂ ನಿಂತಿವೆ, ಗಾಳಿ ಬೀಸಿದರೆ ದೂಳು ಮನೆಯೊಳಗೆ ಬರುತ್ತದೆ. ತ್ಯಾಜ್ಯದ ಕೊಳದ ತಳಕ್ಕೆ ಏನು ಹಾಸುತ್ತೀರಿ, ಸೋರಿದರೆ ಯಾವ ಬಾವಿಯಲ್ಲಿ ಮೊದಲು ಗೊತ್ತಾಗುತ್ತದೆ, ಗಣಿ ಮುಚ್ಚಿದ ಮೇಲೆ ನೋಡಿಕೊಳ್ಳುವ ಹಣ ಈಗಲೇ ಎಲ್ಲಿ ಠೇವಣಿ ಇಡುತ್ತೀರಿ ಎಂದು ಕೇಳಿ. ಸುರಪುರದ ಬಳಿಯ ಪಕ್ಷಿಧಾಮವಾದ ಬೋನಾಳ ಕೆರೆಗೆ ಬರುವ ಹಕ್ಕಿಗಳಿಗೆ ಆ ಕೊಳವೂ ಕೆರೆಯಂತೆಯೇ ಕಾಣುತ್ತದೆ, ಅದನ್ನೂ ಕೇಳಿ.

2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಆ ಮೌಲ್ಯಮಾಪನದ ಕರಡು ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಕಲಾಪದ ವಿಡಿಯೊ ಆಗಬೇಕು. ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಬಾಯಿಮಾತಿಗೆ ನಿಲ್ಲಬೇಡಿ, ಪ್ರಶ್ನೆಗಳನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಕೊಳವೆಬಾವಿಗಳ ಪಟ್ಟಿಯನ್ನು ಮಾತ್ರ ಯಾರಿಗೂ ಕಾಯದೆ ಈಗಲೇ ಶುರುಮಾಡಿ.