ಈ ಹಿಂಗಾರಿಗೆ ಮಕ್ಕಳ ಕೈಯಿಂದಲೇ ಮೆಂತ್ಯೆ ಹಾಕಿಸಿ

ಪ್ರಶ್ನೆ: ಮೇಡಂ, ನಾವು ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮೇಲೆ ಟೆರೇಸ್ ಇದೆ. ಜೂನ್‌ನಲ್ಲಿ ಊರ ಹೊಲದಿಂದ ಎರೆ ಮಣ್ಣು ತಂದು, ಕುಂಡಕ್ಕೆ ತುಂಬಿ, ಮಕ್ಕಳ ಜೊತೆ ಟೊಮೆಟೊ ಸಸಿ ಹಚ್ಚಿದೆವು. ಮಳೆಗೆ ಎಲ್ಲ ಕೊಳೆತು ಹೋದವು. ಆರು ವರ್ಷದ ಮಗ, ಹತ್ತು ವರ್ಷದ ಮಗಳು ಈಗ ಆ ಕಡೆ ತಿರುಗಿಯೂ ನೋಡುವುದಿಲ್ಲ. ನಲ್ಲಿ ನೀರು ದಿನಾ ಬರುವುದಿಲ್ಲ. ದಸರಾ ರಜೆಯಲ್ಲಿ ಮತ್ತೆ ಶುರು ಮಾಡಬಹುದಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಖಂಡಿತ ಮಾಡಿ. ದಸರಾ ಅಂದರೆ ನಮ್ಮ ಕಡೆ ಹಿಂಗಾರಿ ಬಿತ್ತುವ ಹೊತ್ತು. ಮಳೆ ಇಳಿದಿರುತ್ತದೆ, ಬಿಸಿಲು ಹದವಾಗಿರುತ್ತದೆ. ಸೊಪ್ಪಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ನಿಮ್ಮ ಟೊಮೆಟೊ ಹೋಗಿದ್ದು ಮಳೆಯಿಂದ ಅನ್ನುವುದಕ್ಕಿಂತ ಮಣ್ಣಿನಿಂದ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬರೀ ಎರೆ ತುಂಬಿದ ಕುಂಡದಲ್ಲಿ ನೀರು ಬಸಿದು ಹೋಗುವುದಿಲ್ಲ, ಬೇರಿಗೆ ಗಾಳಿ ಆಡುವುದಿಲ್ಲ. ಹಾಗಂತ ಆ ಮಣ್ಣು ಚೆಲ್ಲಬೇಡಿ. ಒಣಗಿಸಿ, ಹೆಂಟೆ ಒಡೆಯಿರಿ. ಒಂದು ಬುಟ್ಟಿ ಎರೆಗೆ ಎರಡು ಬುಟ್ಟಿ ಕೆಂಪು ಮಸಾರಿ ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸ್ವಲ್ಪ ಮರಳು ಕೂಡಿಸಿ. ಕುಂಡದ ತಳದಲ್ಲಿ ತೂತು ಇರಲೇಬೇಕು.

ಮಣ್ಣು ಕೂಡಿಸುವ ಮೊದಲು ಮಗಳಿಂದ ಒಂದು ಪ್ರಯೋಗ ಮಾಡಿಸಿ. ಎರಡು ನೀರಿನ ಬಾಟಲಿಗಳನ್ನು ನಡುವೆ ಕತ್ತರಿಸಿ. ಮೇಲಿನ ಭಾಗದ ಬಾಯಿಗೆ ಅರಿವೆ ಕಟ್ಟಿ, ಕೆಳಗಿನ ಭಾಗದಲ್ಲಿ ಬೋರಲು ಇಡಿ. ಒಂದರಲ್ಲಿ ಒಣ ಎರೆ ಪುಡಿ, ಇನ್ನೊಂದರಲ್ಲಿ ಅಷ್ಟೇ ಮಸಾರಿ ಹಾಕಿ, ಎರಡಕ್ಕೂ ಒಂದೊಂದು ಲೋಟ ನೀರು ಹಾಕಿ. ಯಾವುದರಿಂದ ಬೇಗ ಹನಿಯಿತು, ಒಂದು ತಾಸಿನ ಮೇಲೆ ಕೆಳಗೆ ಎಷ್ಟು ನೀರು ನಿಂತಿತು, ಅವಳೇ ನೋಟ್‌ಬುಕ್‌ನಲ್ಲಿ ಬರೆಯಲಿ. ಆಮೇಲೆ ಕೇಳಿ: ಮಳೆ ನಿಂತ ಮೇಲೂ ನವಲಗುಂದದ ಹೊಲದಲ್ಲಿ ಬಿಳಿಜೋಳ, ಕಡಲೆ ಹೇಗೆ ಬೆಳೆಯುತ್ತವೆ? ಉತ್ತರ ಅವಳ ಕಣ್ಣ ಮುಂದೆಯೇ ಇರುತ್ತದೆ. ಎರೆ ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಬೆಳೆ ಬರುವುದು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದರೆ ಆ ಜೋಳದ ಬುಡದ ಮಣ್ಣನ್ನು ಅವಳೇ ಕೆದರಿ ನೋಡಲಿ. ಮಗನಿಗೆ ಇಷ್ಟೆಲ್ಲ ಬೇಡ. ಎರಡೂ ಹಸಿ ಮಣ್ಣಿನಲ್ಲಿ ಹಾವು ಹೊಸೆಯಲಿ. ಎರೆಯ ಹಾವು ಉದ್ದ ಬರುತ್ತದೆ, ಮಸಾರಿಯದು ಬೇಗ ಮುರಿಯುತ್ತದೆ. ಮಣ್ಣೆತ್ತು ಮಾಡಲು ಎರೆಯನ್ನೇ ಯಾಕೆ ತರುತ್ತಾರೆ ಅಂತ ಅವನಿಗೆ ಆಗ ಗೊತ್ತಾಗುತ್ತದೆ.

ಈಗ ಬೀಜ. ಅಡುಗೆಮನೆಯ ಡಬ್ಬಿಯ ಮೆಂತ್ಯೆ ಕಾಳೇ ಸಾಕು. ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಲೆ. ಚಿಕ್ಕ ಮಕ್ಕಳ ತಾಳ್ಮೆಗೆ ಇದೇ ಸರಿ. ಟೊಮೆಟೊಗೆ ಎರಡು ತಿಂಗಳಿಗಿಂತ ಜಾಸ್ತಿ ಕಾಯಬೇಕು, ಅದು ಮುಂದೆ ನೋಡೋಣ. ಪಕ್ಕದ ಕುಂಡಕ್ಕೆ ಕೊತ್ತಂಬರಿ ಹಾಕಿ. ಅದರ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು. ಮೊಳೆಯಲು ಎಂಟು ಹತ್ತು ದಿನ ತಗೊಳ್ಳುತ್ತದೆ, ‘ಇದು ಸತ್ತೇ ಹೋಯ್ತು’ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಅಗೆದು ನೋಡಲು ಬಿಡಬೇಡಿ! ಇನ್ನೊಂದು ಕುಂಡಕ್ಕೆ ಮೂಲಂಗಿ ಹಾಕಿ. ಕಿತ್ತು ತೆಗೆಯುವ ಖುಷಿಯೇ ಬೇರೆ.

ನವರಾತ್ರಿಗೆ ಮನೆಯಲ್ಲಿ ಘಟ್ಟ ಹಾಕುತ್ತೀರಾ? ಅದರ ಸುತ್ತ ಮೊಳೆತ ಗೋಧಿ, ಜೋಳದ ಸಸಿಗಳ ಪಕ್ಕ ಮೆಂತ್ಯೆ ಸಸಿ ಇಟ್ಟು ತೋರಿಸಿ. ಒಂದರಲ್ಲಿ ಮೊದಲು ಒಂದೇ ಎಲೆ, ಇನ್ನೊಂದರಲ್ಲಿ ಎರಡು. ಏಕದಳ, ದ್ವಿದಳ ಅಂತ ಮುಂದೆ ಶಾಲೆಯಲ್ಲಿ ಬಾಯಿಪಾಠ ಮಾಡುವ ಗೋಜೇ ಇರುವುದಿಲ್ಲ.

ಮೂರ್ನಾಲ್ಕು ಕುಂಡಕ್ಕೆ ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಸಾಕಾಗುತ್ತದೆ. ಆದರೆ ನನ್ನದೊಂದು ಕಟ್ಟುನಿಟ್ಟಿನ ಮಾತಿದೆ. ಒಬ್ಬೊಬ್ಬರಿಗೆ ಒಂದೊಂದು ಕುಂಡ ಕೊಡಿ, ಹೆಸರು ಬರೆಸಿ. ಮಗ ನೀರು ಹಾಕಲು ಮರೆತರೆ ರಾತ್ರಿ ಕದ್ದು ನೀವು ಹಾಕಬೇಡಿ. ಬಾಡಿದ ಸಸಿಯನ್ನು ಅವನೇ ನೋಡಲಿ, ಅವನೇ ಮತ್ತೆ ಬಿತ್ತಲಿ. ಒಂದು ಹಿಡಿ ಮೆಂತ್ಯೆಗೆ ಖರ್ಚೇನಿಲ್ಲ.

ಪ್ರಶ್ನೆ: ನಮ್ಮ ಕರಿಬೇವಿನ ಗಿಡವನ್ನು ಹಸಿರು ಹುಳ ತಿಂದು ಬೋಳು ಮಾಡುತ್ತಿವೆ. ಯಾವ ಔಷಧ ಹೊಡೆಯಬೇಕು? ಮಗಳು ಹುಳ ಕೊಲ್ಲಬೇಡ ಅಂತ ಅಳುತ್ತಾಳೆ.
– ಓದುಗರು, ಬೆಟಗೇರಿ

ಉತ್ತರ: ಮಗಳ ಮಾತು ಕೇಳಿ. ಅದು ಪಾತರಗಿತ್ತಿಯ ಹುಳ. ನಿಂಬೆ, ಕರಿಬೇವು ಎರಡರ ಮೇಲೂ ಅವು ಮೊಟ್ಟೆ ಇಡುತ್ತವೆ. ಸಣ್ಣದಿದ್ದಾಗ ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಹಕ್ಕಿಗಳು ಮುಟ್ಟದಿರಲಿ ಅಂತ. ದೊಡ್ಡದಾದ ಮೇಲೆ ಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಗೆ ಚಾಚುತ್ತದೆ, ಗಾಟು ವಾಸನೆ ಬರುತ್ತದೆ.

ನಾಲ್ಕೈದು ಹುಳ ಇದ್ದರೆ ದೊಡ್ಡ ಗಿಡಕ್ಕೆ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಗಿಡ ಸಣ್ಣದಿದ್ದರೆ ಎರಡು ಹುಳಗಳನ್ನು ಎಲೆಯ ಸಮೇತ ದೊಡ್ಡ ಗಾಜಿನ ಬರಣಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನಾ ತಾಜಾ ಎಲೆ ಕೊಡುವುದು, ಹಿಕ್ಕೆ ತೆಗೆಯುವುದು ಮಗಳ ಕೆಲಸ. ನಿಲ್ಲಿಸಿದ ಒಂದು ಕಡ್ಡಿಯೂ ಒಳಗೆ ಇರಲಿ, ಕೋಶ ಕಟ್ಟಲು ಬೇಕು. ಪಾತರಗಿತ್ತಿ ಹೊರಬಂದ ಮೇಲೆ ರೆಕ್ಕೆ ಒಣಗುವವರೆಗೆ ಮುಟ್ಟಬಾರದು. ಅಡುಗೆಗೆ ಬಳಸುವ ಗಿಡಕ್ಕೆ ವಿಷ ಮಾತ್ರ ಬೇಡವೇ ಬೇಡ.

ಪ್ರಶ್ನೆ: ಚಳಿಗಾಲದಲ್ಲಿ ಮೊಮ್ಮಕ್ಕಳನ್ನು ಒಂದು ದಿನದ ಮಟ್ಟಿಗೆ ಎಲ್ಲಿಗೆ ಕರೆದುಕೊಂಡು ಹೋಗಲಿ?
– ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ ಬನ್ನಿ, ಗುರುಗಳೇ. 2024ರಲ್ಲಿ ಇದು ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹಿಮಾಲಯ ದಾಟಿ ಬರುವ ಪಟ್ಟೆ ತಲೆಯ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಇಲ್ಲೇ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಮಕ್ಕಳು ಸುಲಭವಾಗಿ ಗುರುತಿಸುತ್ತಾರೆ. ಡಿಸೆಂಬರ್, ಜನವರಿ ಒಳ್ಳೆಯದು. ಈ ಹಕ್ಕಿಗಳು ಸುತ್ತಲಿನ ಹೊಲಗಳಲ್ಲೂ ಮೇಯುತ್ತವೆ, ಆದ್ದರಿಂದ ಹೊಲದವರ ಜೊತೆ ಮೊಮ್ಮಕ್ಕಳು ನಾಲ್ಕು ಮಾತಾಡಲಿ. ದಂಡೆಯ ಮೇಲೆ ಗದ್ದಲ ಬೇಡ. ಚುರುಮುರಿ ಕಟ್ಟಿಕೊಂಡು ಹೋಗಿ, ಆದರೆ ಹಕ್ಕಿಗಳಿಗೆ ಎಸೆಯಬೇಡಿ.