ಕಾನೂನು ಪ್ರಶ್ನೋತ್ತರ: ಹೊರನಾಡಿನ ಸೆಮಿಸ್ಟರ್, ಊರಿನ ಅಂಕಪಟ್ಟಿ

ಈ ತಿಂಗಳು ಬಂದ ಪತ್ರಗಳ ಕಟ್ಟಿನಲ್ಲಿ ಐದು ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು: ನಮ್ಮ ಕಾನೂನು ಕಾಲೇಜುಗಳು ಹೊರದೇಶದ ಕಾಲೇಜುಗಳೊಂದಿಗೆ ಮಾಡಿಕೊಳ್ಳುತ್ತಿರುವ ವಿದ್ಯಾರ್ಥಿ ವಿನಿಮಯ ಮತ್ತು ಜಂಟಿ ಬೋಧನೆಯ ಒಡಂಬಡಿಕೆಗಳು. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ. ಬರೆದವರ ಹೆಸರನ್ನೂ ಕಾಲೇಜಿನ ಹೆಸರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ಮಂಗಳೂರಿನಲ್ಲಿ ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ. ಓದುತ್ತಿದ್ದೇನೆ; ಈಗ ಮೂರನೆಯ ವರ್ಷ. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಕಾನೂನು ವಿಭಾಗದೊಂದಿಗೆ ನಮ್ಮ ಕಾಲೇಜು ಒಪ್ಪಂದ ಮಾಡಿಕೊಂಡಿದ್ದು, ಒಂದು ಸೆಮಿಸ್ಟರ್ ಅಲ್ಲಿ ಓದಿ ಬರಬಹುದೆಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತದೆಯೇ? ಕಚೇರಿಯಲ್ಲಿ ವಿಚಾರಿಸಿದರೆ ‘ಹೋಗಿ ಬನ್ನಿ, ಆಮೇಲೆ ನೋಡೋಣ’ ಎನ್ನುತ್ತಾರೆ.
– ವಿದ್ಯಾರ್ಥಿನಿ, ಕದ್ರಿ

ಉತ್ತರ: ‘ಆಮೇಲೆ ನೋಡೋಣ’ ಎಂಬ ಮಾತನ್ನು ನಂಬಿ ವಿಮಾನ ಹತ್ತಬೇಡಿ. ಇಬ್ಬರು ಮುಖ್ಯಸ್ಥರು ಸಹಿ ಹಾಕಿ, ಶಾಲು ಹೊದಿಸಿಕೊಂಡು ನಿಂತ ಚಿತ್ರ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ನಿಮ್ಮ ಅಂಕಪಟ್ಟಿಯಲ್ಲಿ ಒಂದು ಅಂಕವೂ ಏರುವುದಿಲ್ಲ. ನೀವು ಕೇಳಬೇಕಾದದ್ದು ಒಪ್ಪಂದದ ಪ್ರತಿಯನ್ನಲ್ಲ, ಅದರ ಅನುಬಂಧವನ್ನು. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ, ಅಲ್ಲಿಯ ಎಷ್ಟು ಕ್ರೆಡಿಟ್ ಇಲ್ಲಿಯ ಎಷ್ಟಕ್ಕೆ ಸಮ ಎಂದು ತಿಳಿಸುವ ಕೋಷ್ಟಕ ಅದರಲ್ಲಿ ಇರಬೇಕು. ನಾನು ಕಂಡ ಒಪ್ಪಂದಗಳಲ್ಲಿ ಹೆಚ್ಚಿನವಕ್ಕೆ ಅಂಥ ಅನುಬಂಧವೇ ಇರಲಿಲ್ಲ.

ಇದಕ್ಕೆ ಕಾರಣ ಕಾಲೇಜಿನವರ ಉದಾಸೀನ ಮಾತ್ರವಲ್ಲ. ಕರಾವಳಿಯ ಕಾನೂನು ಕಾಲೇಜುಗಳು ಸಾಮಾನ್ಯವಾಗಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ಪಠ್ಯಕ್ರಮ ಗೊತ್ತುಪಡಿಸುವುದು, ಸೆಮಿಸ್ಟರ್ ಪರೀಕ್ಷೆ ನಡೆಸುವುದು, ಪದವಿ ಕೊಡುವುದು, ಎಲ್ಲವೂ ವಿಶ್ವವಿದ್ಯಾಲಯದ್ದು. ಕಾಲೇಜಿನ ಕೈಯಲ್ಲಿರುವುದು ಪಾಠ ಮತ್ತು ಆಂತರಿಕ ಅಂಕ. ಹೀಗಿರುವಾಗ ಕಾಲೇಜು ಒಂದೇ ನಿಂತು ‘ಅಲ್ಲಿ ಓದಿದ್ದನ್ನು ನಾವು ಒಪ್ಪುತ್ತೇವೆ’ ಎಂದರೆ, ಗೇಣಿದಾರನೊಬ್ಬ ಧಣಿಯನ್ನು ಕೇಳದೆ ಜಾಗದ ಕ್ರಯಪತ್ರ ಬರೆದುಕೊಟ್ಟ ಹಾಗೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ವಿದ್ಯಾರ್ಥಿಗಳು ಸಲೀಸಾಗಿ ಹೋಗಿಬರುವುದನ್ನು ನೋಡಿ ನಮ್ಮಲ್ಲೇಕೆ ಆಗದು ಎಂದು ಹಲವರು ಕೇಳುತ್ತಾರೆ. ಅದು 1986ರ ರಾಜ್ಯ ಕಾಯಿದೆಯಿಂದ ಹುಟ್ಟಿದ, ತಾನೇ ಪದವಿ ಕೊಡುವ ವಿಶ್ವವಿದ್ಯಾಲಯ. ಕ್ರೆಡಿಟ್ ಒಪ್ಪಲು ಅದು ಮತ್ತೊಂದು ಊರಿನ ಕಡತಕ್ಕಾಗಿ ಕಾಯಬೇಕಿಲ್ಲ.

ಎರಡನೆಯ ತೊಡಕು ಹಾಜರಾತಿಯದು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ 12ನೆಯ ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ ಶೇ. 70ರಷ್ಟು ಹಾಜರಾತಿ ಬೇಕು. ವಿಶ್ವವಿದ್ಯಾಲಯದ ಲಿಖಿತ ಅನುಮತಿ ಇಲ್ಲದೆ ನೀವು ಜರ್ಮನಿಯಲ್ಲಿ ಕಳೆದ ತಿಂಗಳುಗಳು ಇಲ್ಲಿಯ ಹಾಜರಿ ಪುಸ್ತಕದಲ್ಲಿ ಬರಿಯ ಗೈರುಹಾಜರಿಯಾಗಿ ಉಳಿಯುತ್ತವೆ. ಅದರ ಜತೆಗೆ ಅಲ್ಲಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಆರಂಭವಾಗುವುದರಿಂದ, ಒಂದು ಸೆಮಿಸ್ಟರಿಗೆಂದು ಹೋದವರು ಇಲ್ಲಿಯ ಎರಡು ಸೆಮಿಸ್ಟರುಗಳ ಮೇಲೆ ಕಾಲಿಟ್ಟು ನಿಲ್ಲಬೇಕಾಗುತ್ತದೆ. ಹೊರಡುವ ಮೊದಲೇ ಎರಡೂ ಕಡೆಯ ವೇಳಾಪಟ್ಟಿಯನ್ನು ಒಟ್ಟಿಗಿಟ್ಟು ನೋಡಿ.

ಮೂರನೆಯದನ್ನು ಯಾರೂ ಹೇಳಿಕೊಡುವುದಿಲ್ಲ. ಜರ್ಮನಿಯ ಕಾನೂನು ಪರೀಕ್ಷೆಗಳಲ್ಲಿ ಅಂಕ ಕೊಡುವುದು 18ಕ್ಕೆ. ಉತ್ತೀರ್ಣರಾಗಲು 4 ಸಾಕು; 9 ಬಂದರೆ ಅಲ್ಲಿ ಅದು ಹೆಮ್ಮೆಪಟ್ಟು ಹೇಳಿಕೊಳ್ಳುವ ಫಲಿತಾಂಶ, ಅದಕ್ಕಿಂತ ಮೇಲೆ ಏರುವವರು ಕೆಲವರೇ. ಅದೇ 9ನ್ನು ಇಲ್ಲಿಯ ಗುಮಾಸ್ತರೊಬ್ಬರು ಕ್ಯಾಲ್ಕ್ಯುಲೇಟರ್ ಒತ್ತಿ ಶೇ. 50 ಎಂದು ನಮೂದಿಸಿದರೆ, ಅಲ್ಲಿ ಬೆನ್ನು ತಟ್ಟಿಸಿಕೊಂಡು ಬಂದವರು ಇಲ್ಲಿ ಸಾಧಾರಣ ವಿದ್ಯಾರ್ಥಿಯಾಗಿಬಿಡುತ್ತಾರೆ. ಹೀಗೆ ಆದದ್ದನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಸರಿಪಡಿಸಿಕೊಳ್ಳಲು ಆ ಹುಡುಗ ಹುಬ್ಬಳ್ಳಿ ಬಸ್ಸನ್ನು ನಾಲ್ಕು ಸಲ ಹತ್ತಿದ. ಅಂಕಗಳನ್ನು ಹೇಗೆ ಪರಿವರ್ತಿಸಬೇಕೆಂಬುದೂ ಅನುಬಂಧದಲ್ಲೇ ಇರಲಿ.

ಯುರೋಪಿನಲ್ಲಿ 1987ರಿಂದ ನಡೆಯುತ್ತಿರುವ ಎರಾಸ್ಮಸ್ ಯೋಜನೆಯಲ್ಲಿ ಈ ಗೊಂದಲಕ್ಕೆ ಸರಳವಾದ ಮದ್ದು ಇದೆ. ಹೊರಡುವ ಮೊದಲು ವಿದ್ಯಾರ್ಥಿ, ಕಳುಹಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ, ಈ ಮೂವರೂ ಕಲಿಕಾ ಒಪ್ಪಂದವೊಂದಕ್ಕೆ ಸಹಿ ಹಾಕುತ್ತಾರೆ. ಯಾವ ವಿಷಯ, ಎಷ್ಟು ಕ್ರೆಡಿಟ್, ಬಂದ ಮೇಲೆ ಯಾವುದಕ್ಕೆ ಬದಲು ಎಂಬುದೆಲ್ಲ ಅದರಲ್ಲಿರುತ್ತದೆ. ಅಂಥ ಹಾಳೆಯೊಂದನ್ನು ನೀವೇ ಸಿದ್ಧಪಡಿಸಿ, ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಕಳುಹಿಸಿ, ಉತ್ತರ ಬರುವ ತನಕ ಟಿಕೆಟ್ ಕಾಯ್ದಿರಿಸಬೇಡಿ. ಅನುಮತಿ ಬಾರದಿದ್ದರೆ ರಜೆಯಲ್ಲಿ ನಡೆಯುವ ಎರಡು-ಮೂರು ವಾರಗಳ ಬೇಸಿಗೆ ಶಾಲೆಗೆ ಹೋಗಿಬನ್ನಿ. ಕ್ರೆಡಿಟ್ ಸಿಗದಿರಬಹುದು, ಆದರೆ ವರ್ಷ ಹಾಳಾಗುವುದಿಲ್ಲ.

ಪ್ರಶ್ನೆ: ನಮ್ಮ ಮಗಳು ಉಡುಪಿಯಲ್ಲಿ ಎಲ್‌ಎಲ್‌.ಬಿ. ಮುಗಿಸುತ್ತಿದ್ದಾಳೆ. ‘ಎರಡು ದೇಶದ ಪದವಿ’ ಕೊಡುವ ಕೋರ್ಸಿಗೆ ಸೇರಿದರೆ ಎರಡೂ ದೇಶಗಳಲ್ಲಿ ವಕೀಲಿ ಮಾಡಬಹುದೆಂದು ಏಜೆಂಟರೊಬ್ಬರು ಹೇಳುತ್ತಾರೆ. ನಿಜವೇ?
– ತಂದೆ, ಕಟಪಾಡಿ

ಉತ್ತರ: ಪದವಿ ಬೇರೆ, ವಕೀಲಿ ಮಾಡಲು ಬೇಕಾದ ಸನ್ನದು ಬೇರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಭಾರತದ ಹಾಗೂ ವಿದೇಶದ ಸಂಸ್ಥೆಗಳು ಸೇರಿ ಜಂಟಿ ಪದವಿ, ಅವಳಿ ಪದವಿ ಕೊಡುವುದಕ್ಕೆ ದಾರಿ ಮಾಡಿಕೊಟ್ಟಿದೆ, ನಿಜ. ಆದರೆ ಕಾನೂನಿನಂಥ ವೃತ್ತಿಶಿಕ್ಷಣಕ್ಕೆ ಆಯಾ ಶಾಸನಬದ್ಧ ಪರಿಷತ್ತಿನ ಒಪ್ಪಿಗೆಯೂ ಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಇಲ್ಲಿ ವಕೀಲಿ ಮಾಡಲು 1961ರ ವಕೀಲರ ಕಾಯಿದೆಯ ಪ್ರಕಾರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಅಲ್ಲಿ ವಕೀಲಿ ಮಾಡಲು ಅಲ್ಲಿಯ ಪರೀಕ್ಷೆ; ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬಯಸುವವರಿಗೆ 2021ರಿಂದ ಪ್ರತ್ಯೇಕ ಅರ್ಹತಾ ಪರೀಕ್ಷೆಯೇ ಇದೆ. ಆ ಏಜೆಂಟರು ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಲು ಹೇಳಿ ನೋಡಿ. ಕೊಡಲಾರರು.

ಪ್ರಶ್ನೆ: ನಾನು ಕಾನೂನು ಕಾಲೇಜೊಂದರ ಉಪನ್ಯಾಸಕಿ. ವಿದೇಶದ ಕಾಲೇಜಿನೊಂದಿಗೆ ಜಂಟಿಯಾಗಿ ಒಂದು ವಿಷಯವನ್ನು ಪಾಠ ಮಾಡುವ ಪ್ರಸ್ತಾಪ ಬಂದಿದೆ. ಅವರು ಕಳುಹಿಸಿದ ಕರಡಿನಲ್ಲಿ ಹನ್ನೆರಡು ಪಾಠಗಳನ್ನೂ ಅವರೇ ಮಾಡುತ್ತಾರೆ, ನಾವು ವಿದ್ಯಾರ್ಥಿಗಳನ್ನು ಕೂರಿಸಿದರೆ ಸಾಕು. ನಮ್ಮ ಕಡೆಯಿಂದ ಕಲಿಸುವಂಥದ್ದು ಏನಿದೆ ಎಂದು ಸಹೋದ್ಯೋಗಿಗಳೇ ಕೇಳುತ್ತಾರೆ.
– ಉಪನ್ಯಾಸಕಿ, ಮಂಗಳೂರು

ಉತ್ತರ: ಆ ಕರಡನ್ನು ಹಾಗೆಯೇ ಒಪ್ಪಬೇಡಿ. ಬಾಯಿ ಒಂದೇ ಕಡೆ, ಕಿವಿ ಒಂದೇ ಕಡೆ ಇದ್ದರೆ ಅದನ್ನು ಸಹಬೋಧನೆ ಎನ್ನಲಾಗದು. ನಮ್ಮಲ್ಲಿ ಕಲಿಸುವಂಥದ್ದು ಏನಿದೆ ಎಂಬ ಪ್ರಶ್ನೆ ಬೇರೆ ಊರಿನಿಂದ ಬಂದಿದ್ದರೆ ಸುಮ್ಮನಿರುತ್ತಿದ್ದೆ. ದಕ್ಷಿಣ ಕನ್ನಡದಿಂದ ಬಂದದ್ದರಿಂದ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ನಿವೃತ್ತಿಗೆ ಮೊದಲಿನ ವರ್ಷ ನಾನೂ ಇಂಥದೊಂದು ಆನ್‌ಲೈನ್ ತರಗತಿಯಲ್ಲಿ ಪಾಲುದಾರನಾಗಿದ್ದೆ. ವಿಷಯ ಉತ್ತರಾಧಿಕಾರ. ಆ ಕಡೆ ಜರ್ಮನಿಯ ಹದಿನಾಲ್ಕು ವಿದ್ಯಾರ್ಥಿಗಳು, ಈ ಕಡೆ ಉಡುಪಿಯ ಇಪ್ಪತ್ತು ಮಂದಿ. ಮೊದಲ ಎರಡು ಪಾಠ ಅವರದ್ದು; ನಮ್ಮ ಮಕ್ಕಳು ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ನಾನು ಕರಿಹಲಗೆಯ ಮೇಲೆ ಒಂದು ಕುಟುಂಬ ಬರೆದೆ: ಅಜ್ಜಿ, ಅವಳ ಕೆಳಗೆ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಎಲ್ಲರ ಕೆಳಗೂ ಮೊಮ್ಮಕ್ಕಳು. ಅನಂತರ ಡಸ್ಟರ್ ಹಿಡಿದು ಮಗನ ಮಕ್ಕಳನ್ನು ಮಾತ್ರ ಅಳಿಸಿಬಿಟ್ಟೆ. ಪರದೆಯ ಆಚೆಯಿಂದ ಒಬ್ಬ ಹುಡುಗಿ ಗಾಬರಿಯಿಂದ, ಆ ಮಕ್ಕಳು ತೀರಿಕೊಂಡರೇ ಎಂದು ಕೇಳಿದಳು. ಅಷ್ಟರವರೆಗೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಕಾಪು ಕಡೆಯ ಹುಡುಗ ಎದ್ದು ನಿಂತು, ‘ಇಲ್ಲ, ಅವರು ಅವರ ತಾಯಿಯ ಕುಟುಂಬದಲ್ಲಿದ್ದಾರೆ’ ಎಂದ. ಮುಂದಿನ ಮುಕ್ಕಾಲು ಗಂಟೆ ಪಾಠ ಮಾಡಿದವನು ಅವನೇ, ತನ್ನ ಮನೆಯ ಯಜಮಾನಿಕೆಯ ಕಥೆಯನ್ನೇ ಮುಂದಿಟ್ಟುಕೊಂಡು, ಅರ್ಧ ಇಂಗ್ಲಿಷಿನಲ್ಲಿ, ಇಂಗ್ಲಿಷ್ ತಡವರಿಸಿದಾಗ ಕನ್ನಡದಲ್ಲಿ.

ಕುಟುಂಬವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಈ ಅಳಿಯಸಂತಾನ ಕಟ್ಟನ್ನು ಹಳೆಯ ಕಾಲದ ವಿಚಿತ್ರವೆಂದು ತೋರಿಸಿ ಮುಗಿಸಿದರೆ ಪ್ರಯೋಜನವಿಲ್ಲ. ಕುಟುಂಬದ ಸದಸ್ಯನೊಬ್ಬ ತನ್ನ ಪಾಲು ಕೊಡೆಂದು ಹಕ್ಕಿನಿಂದ ಕೇಳುವಂತಿಲ್ಲವೆಂದು ಮದ್ರಾಸ್ ಹೈಕೋರ್ಟು 1863ರಲ್ಲಿ ತೀರ್ಪಿತ್ತದ್ದು, 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕವರುಗಳ, ಅಂದರೆ ಕುಟುಂಬದೊಳಗಿನ ತಾಯಿಬಳಿಯ ಕವಲುಗಳ, ಲೆಕ್ಕದಲ್ಲಿ ಪಾಲಿಗೆ ದಾರಿ ತೆರೆದದ್ದು, ಐವತ್ತು ವರ್ಷ ತುಂಬದ ಹೆಣ್ಣೊಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು ಎಂದು ಅದು ವಿಂಗಡಿಸಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತನ್ನ 7 ಮತ್ತು 17ನೆಯ ಕಲಮುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಏರ್ಪಾಡು ಮಾಡಿದ್ದು, ಈ ನಾಲ್ಕನ್ನು ಒಂದರ ಪಕ್ಕ ಒಂದಿಟ್ಟರೆ ರೂಢಿಯೊಂದು ತೀರ್ಪಾಗಿ, ತೀರ್ಪು ಶಾಸನವಾಗಿ, ಶಾಸನ ಮತ್ತೆ ಮನೆಯೊಳಗಿನ ಜಗಳವಾಗಿ ಸಾಗುವ ದಾರಿ ಕಾಣುತ್ತದೆ. ಬರೆದಿಟ್ಟ ಸಂಹಿತೆಯಿಂದಲೇ ಕಾನೂನು ಕಲಿಯಲು ತೊಡಗುವ ಜರ್ಮನಿಯ ವಿದ್ಯಾರ್ಥಿಗೆ ಇದು ಹೊಸತು. 1900ರಲ್ಲಿ ಜಾರಿಗೆ ಬಂದ ತಮ್ಮ ಸಿವಿಲ್ ಸಂಹಿತೆಯ ಕಲಮಿನ ಸಂಖ್ಯೆಯನ್ನು ಮೊದಲು ಹೇಳಿ, ಆಮೇಲೆ ಮಾತು ಆರಂಭಿಸುವುದು ಅವರ ಅಭ್ಯಾಸ.

ನಮಗೂ ಅವರಿಂದ ಸಿಕ್ಕಿತು. ಸ್ವಂತ ದುಡಿಮೆಯ ಆಸ್ತಿಯನ್ನು ಹಿಂದೂ ತಂದೆಯೊಬ್ಬ ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು, ಮಕ್ಕಳನ್ನು ಪೂರ್ತಿ ಕೈಬಿಡಬಹುದು ಎಂದಾಗ ಅವರು ನಂಬಲಿಲ್ಲ. ಅವರ ಸಂಹಿತೆಯ 2303ನೆಯ ಕಲಮಿನಂತೆ ಉಯಿಲಿನಲ್ಲಿ ಹೊರಗಿಟ್ಟ ಮಗುವಿಗೂ, ಉಯಿಲಿಲ್ಲದಿದ್ದರೆ ಬರುತ್ತಿದ್ದ ಪಾಲಿನ ಅರ್ಧ ಬೆಲೆ ಕಡ್ಡಾಯವಾಗಿ ಸಲ್ಲುತ್ತದೆ. ಯಾವುದು ನ್ಯಾಯ ಎಂದು ಎರಡು ಕಡೆಯವರೂ ವಾದಿಸಿದರು. ವಾದ ಮುಗಿಯುವ ಮೊದಲು ಕರೆಂಟು ಹೋಯಿತು.

ಆದ್ದರಿಂದ ಹನ್ನೆರಡರಲ್ಲಿ ಆರು ಪಾಠ ನಿಮ್ಮದೆಂದು ತಿದ್ದಿ ಕಳುಹಿಸಿ. ಅಳಿಯಸಂತಾನ ಒಂದು, 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಗೇಣಿದಾರರು ಒಡೆತನ ಕೋರಿ ಡಿಕ್ಲರೇಶನ್ ಹಾಕಿದ ಕಥೆ ಮತ್ತೊಂದು, ಮೂಲಗೇಣಿದಾರರಿಗೆ, ಅಂದರೆ ಕಾಯಂ ಗೇಣಿದಾರರಿಗೆ, ಒಡೆತನ ಕೊಡಲೆಂದು ರಾಜ್ಯ ಮಾಡಿದ 2011ರ ಕಾಯಿದೆ ಇನ್ನೊಂದು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ನಡೆಯುವ ಲೋಕ ಅದಾಲತ್ ಮಗದೊಂದು. ಕಾಪುವಿನ ಹುಡುಗನಂಥವರು ನಿಮ್ಮ ತರಗತಿಯಲ್ಲೂ ಇದ್ದಾರೆ, ಪಾಠದ ವಿಷಯ ಅವರ ಮನೆಯಂಗಳಕ್ಕೆ ಬರಬೇಕಷ್ಟೆ. ಮೌಲ್ಯಮಾಪನವನ್ನೂ ಹಂಚಿಕೊಳ್ಳಿ, ಪ್ರತಿ ಪ್ರಬಂಧವನ್ನು ಇಬ್ಬರು ಅಧ್ಯಾಪಕರೂ ಓದಲಿ. ಅಲ್ಲಿಯ ಅಧ್ಯಾಪಕರು ಇದಕ್ಕೆ ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ತಮ್ಮ ವಾರ್ಷಿಕ ವರದಿಗೆ ಒಂದು ಭಾರತೀಯ ಹೆಸರು ಮಾತ್ರ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಟ್ರಸ್ಟ್ ನಡೆಸುವ ಕಾಲೇಜಿಗೆ ವಿದೇಶದ ಪ್ರಾಧ್ಯಾಪಕರೊಬ್ಬರು ಎರಡು ವಾರ ಪಾಠ ಮಾಡಲು ಬರಲಿದ್ದಾರೆ. ಟ್ರಸ್ಟಿಯೊಬ್ಬರ ಮನೆಯಲ್ಲಿ ಉಳಿಯುತ್ತಾರೆ. ಗ್ರಂಥಾಲಯಕ್ಕೆಂದು ಅವರ ವಿಶ್ವವಿದ್ಯಾಲಯ ಸ್ವಲ್ಪ ಹಣ ಕೊಡಲೂ ಸಿದ್ಧವಿದೆ. ಕಾನೂನಿನ ತೊಡಕೇನಾದರೂ ಇದೆಯೇ?
– ಆಡಳಿತ ಮಂಡಳಿ ಸದಸ್ಯರು, ಉಡುಪಿ

ಉತ್ತರ: ಹಣದ ವಿಷಯದಲ್ಲಿ ಇದೆ. ವಿದೇಶಿ ಮೂಲದ ಕೊಡುಗೆ ಪಡೆಯಲು ಟ್ರಸ್ಟಿಗೆ 2010ರ ವಿದೇಶಿ ಕೊಡುಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು; 2020ರ ತಿದ್ದುಪಡಿಯ ಬಳಿಕ ಆ ಹಣ ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಉಡುಪಿಯ ನಿಮ್ಮ ಮಾಮೂಲಿ ಖಾತೆಗೆ ಹಾಕಿಸಿಕೊಂಡರೆ ಕಾನೂನು ಕಲಿಸುವ ಕಾಲೇಜೇ ಕಾನೂನು ಮುರಿದಂತಾಗುತ್ತದೆ. ವಿದೇಶಿ ವಿದ್ಯಾರ್ಥಿ ಕಟ್ಟುವ ಶುಲ್ಕ ಈ ಕಾಯಿದೆಯ ಹಿಡಿತಕ್ಕೆ ಬರುವುದಿಲ್ಲ, ದಾನ ಬರುತ್ತದೆ. ನೋಂದಣಿ ಇಲ್ಲದಿದ್ದರೆ ವಿನಯದಿಂದ ಬೇಡವೆನ್ನಿ.

ವಾಸ್ತವ್ಯದ ವಿಷಯ ಸುಲಭ, ಆದರೆ ಮರೆಯುವಂಥದ್ದು. ವಿದೇಶಿ ಅತಿಥಿಯನ್ನು ಉಳಿಸಿಕೊಂಡವರು, ಲಾಡ್ಜ್ ಆಗಲಿ ಮನೆಯಾಗಲಿ, 24 ಗಂಟೆಯೊಳಗೆ ಆನ್‌ಲೈನಿನಲ್ಲಿ, ಹಿಂದೆ ‘ಫಾರಂ ಸಿ’ ಎನ್ನುತ್ತಿದ್ದ, ಅತಿಥಿಯ ವಿವರದ ಫಾರಂ ತುಂಬಬೇಕು. ನಿಮ್ಮ ಟ್ರಸ್ಟಿಯವರ ಮನೆಯಲ್ಲಿ ಮೊದಲ ದಿನ ನೀರುದೋಸೆಯ ಉಪಚಾರ ಮುಗಿಯುವುದರೊಳಗೆ ಯಾರಾದರೊಬ್ಬರು ಕಂಪ್ಯೂಟರ್ ಮುಂದೆ ಕೂರಲಿ. ವೀಸಾ ಅರ್ಜಿಯಲ್ಲಿ ಭೇಟಿಯ ಉದ್ದೇಶವನ್ನು ಬೋಧನೆಯೆಂದೇ ತಿಳಿಸಿ ಅದಕ್ಕೆ ತಕ್ಕ ವರ್ಗದ ವೀಸಾ ಪಡೆಯಲು ಅವರಿಗೆ ಈಗಲೇ ಬರೆಯಿರಿ. ನಿಮ್ಮ ಆಹ್ವಾನ ಪತ್ರದಲ್ಲೂ ಅದನ್ನೇ ಬರೆಯಿರಿ. ಪ್ರವಾಸಿ ವೀಸಾದಲ್ಲಿ ಬಂದು ಪಾಠ ಮಾಡುವ ಅಡ್ಡದಾರಿ ಬೇಡ.

ಪ್ರಶ್ನೆ: ಸರ್, ನಮ್ಮ ಕಾಲೇಜಿನಲ್ಲಿ ಅಮೆರಿಕದ ಕಾಲೇಜಿನ ಜತೆ ಸಂಜೆ 6.30ಕ್ಕೆ ಆನ್‌ಲೈನ್ ಜಂಟಿ ತರಗತಿ ನಡೆಯುತ್ತಿತ್ತು. ನವೆಂಬರಿನಲ್ಲಿ ಒಂದು ದಿನ ನಾವೆಲ್ಲ ಕಾದು ಕುಳಿತರೂ ಅವರು ಬರಲಿಲ್ಲ, ನಾವು ಎದ್ದು ಹೋದ ಮೇಲೆ ಬಂದರಂತೆ. ತಪ್ಪು ಯಾರದು? ನಮಗೆ ಗೈರುಹಾಜರಿ ಹಾಕಿದ್ದಾರೆ.
– ವಿದ್ಯಾರ್ಥಿ, ಮಣಿಪಾಲ

ಉತ್ತರ: ತಪ್ಪು ಗಡಿಯಾರದ್ದು. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ನ್ಯೂಯಾರ್ಕಿನ ಬೆಳಗ್ಗೆ 9 ಗಂಟೆಯೆಂದರೆ ನಮಗೆ ಸಂಜೆ 6.30, ಅನಂತರ ಅದು 7.30 ಆಗುತ್ತದೆ. ಯುರೋಪಿನವರು ಇದೇ ಕೆಲಸವನ್ನು ಅಕ್ಟೋಬರಿನ ಕೊನೆಯ ಭಾನುವಾರವೇ ಮಾಡುವುದರಿಂದ, ಮೂರು ಖಂಡಗಳ ತರಗತಿಯಾದರೆ ಆ ನಡುವಿನ ವಾರ ಇನ್ನಷ್ಟು ಗೋಜಲು. ಗೈರುಹಾಜರಿ ತೆಗೆಸಲು ಅರ್ಜಿ ಬರೆಯುವಾಗ ಆ ದಿನಾಂಕವನ್ನೂ ಎರಡೂ ಊರಿನ ಸಮಯವನ್ನೂ ನಮೂದಿಸಿ, ಮುಂದಿನ ವೇಳಾಪಟ್ಟಿಯನ್ನು ಭಾರತೀಯ ಕಾಲಮಾನದಲ್ಲೇ ಅಚ್ಚು ಹಾಕಿಸಬೇಕೆಂದು ಅದೇ ಅರ್ಜಿಯಲ್ಲಿ ಕೇಳಿ. ಮಾರ್ಚಿನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಮತ್ತೆ ಮುಂದಕ್ಕೆ ತಿರುಗಿಸುತ್ತಾರೆ.